ಸ್ಟ್ಯಾಂಡ್ ತುಂಬಿದರೂ ರೇಸ್ ಯಾಕೆ ಉಳಿಯುತ್ತಿಲ್ಲ? ಜೊನಾಥನ್ ಪಾಮರ್ ಹಿಡಿದ ಬೇರೆ ದಾರಿ

1984ರಲ್ಲಿ ಇಂಗ್ಲೆಂಡಿನ ಬ್ರಾಂಡ್ಸ್ ಹ್ಯಾಚ್ ಟ್ರ್ಯಾಕ್‌ನಲ್ಲಿ ಸಾವಿರ ಕಿಲೋಮೀಟರಿನ ಒಂದು ರೇಸ್ ನಡೆಯಿತು. ಗೆದ್ದಿದ್ದು ರಿಚರ್ಡ್ ಲಾಯ್ಡ್ ಅವರ ಖಾಸಗಿ ತಂಡದ ಪೋರ್ಶೆ 956. ಅದನ್ನು ಸರದಿಯಲ್ಲಿ ಓಡಿಸಿದವರು ಇಬ್ಬರು: ಹಾಲೆಂಡಿನ ಯಾನ್ ಲ್ಯಾಮರ್ಸ್, ಲಂಡನ್ನಿನ ಜೊನಾಥನ್ ಪಾಮರ್. ಇಬ್ಬರೂ 1956ರಲ್ಲಿ ಹುಟ್ಟಿದವರು. ಫಾರ್ಮುಲಾ ಒನ್‌ನಲ್ಲಿ ಸಣ್ಣ ತಂಡಗಳ ಕಾರು ಓಡಿಸಿ ಒಂದೂ ರೇಸ್ ಗೆಲ್ಲದೆ ಹೊರಬಂದವರು. ಮುಂದೆ ಇಬ್ಬರೂ ಓಡಿಸುವುದು ಬಿಟ್ಟು ರೇಸ್ ನಡೆಸುವ ಕಡೆಗೆ ಬಂದರು.

ಆದರೆ ಹಿಡಿದ ದಾರಿ ಬೇರೆ ಬೇರೆ. ಲ್ಯಾಮರ್ಸ್ ತಮ್ಮ ಹುಟ್ಟೂರು ಝಾಂಡ್‌ವೋರ್ಟ್‌ಗೆ ಫಾರ್ಮುಲಾ ಒನ್ ವಾಪಸ್ ಬಂದಾಗ ಡಚ್ ಗ್ರ್ಯಾನ್ ಪ್ರೀಯ, ಅಂದರೆ ಆ ದೇಶದಲ್ಲಿ ನಡೆಯುವ ಫಾರ್ಮುಲಾ ಒನ್ ರೇಸಿನ, ಕ್ರೀಡಾ ನಿರ್ದೇಶಕರಾದರು. 2021ರಲ್ಲಿ ಮೊದಲ ರೇಸ್. ತವರಿನ ಚಾಲಕ ಮ್ಯಾಕ್ಸ್ ವರ್ಸ್ಟ್ಯಾಪನ್ ಸತತ ಮೂರು ವರ್ಷ ಗೆದ್ದರು, ಮರಳ ದಿಬ್ಬಗಳ ನಡುವಿನ ಸ್ಟ್ಯಾಂಡ್‌ಗಳು ಕಿತ್ತಳೆ ಬಣ್ಣದಲ್ಲಿ ತುಂಬಿ ತುಳುಕಿದವು. ಅಷ್ಟಾದರೂ 2024ರ ಡಿಸೆಂಬರ್‌ನಲ್ಲಿ ಘೋಷಣೆ ಬಂತು, 2026ರ ರೇಸೇ ಕೊನೆಯದು ಅಂತ. ಪಾಮರ್ ಮಾತ್ರ ಫಾರ್ಮುಲಾ ಒನ್ ರೇಸ್ ನಡೆಸುವ ಗೋಜಿಗೇ ಹೋಗಲಿಲ್ಲ. ಅವರ ಕೈಯಲ್ಲಿರುವ ಟ್ರ್ಯಾಕ್‌ಗಳು ವಾರದ ದಿನಗಳಲ್ಲೂ ಗಿಜಿಗುಡುತ್ತವೆ. ಬ್ರಾಂಡ್ಸ್ ಹ್ಯಾಚ್ ಕೂಡ ಅವುಗಳಲ್ಲಿ ಒಂದು.

ಇದು ಹೇಗೆ? ಲಕ್ಷ ಜನ ಬರುವ ರೇಸ್ ನಿಲ್ಲುತ್ತದೆ, ಫಾರ್ಮುಲಾ ಒನ್ 1986ರಲ್ಲೇ ಬಿಟ್ಟುಹೋದ ಬ್ರಾಂಡ್ಸ್ ಹ್ಯಾಚ್ ಗಟ್ಟಿಯಾಗಿ ನಿಂತಿದೆ. ಇವತ್ತು ರೇಸಿಂಗ್ ನೋಡುವವರ ಸಂಖ್ಯೆ ಜಾಸ್ತಿಯಾಗುತ್ತಿದೆ, ರೇಸ್ ನಡೆಸುವವರ ಕಷ್ಟವೂ ಜಾಸ್ತಿಯಾಗುತ್ತಿದೆ. ಇದು ಅರ್ಥವಾಗಬೇಕಾದರೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕು.

ಮೊದಲು ಪ್ರೊಮೋಟರ್, ಅಂದರೆ ರೇಸ್ ನಡೆಸುವವರ, ಕೆಲಸ ಏನು ಅಂತ ತಿಳಿಯೋಣ. ರೇಸ್‌ಗೆ ಟ್ರ್ಯಾಕ್ ಹೊಂದಿಸುವುದು, ರೇಸ್ ಶುರುವಾಗುವ ಗ್ರಿಡ್ ತುಂಬುವಷ್ಟು ಕಾರು ಸೇರಿಸುವುದು, ಟ್ರ್ಯಾಕ್ ಪಕ್ಕ ನಿಂತು ಬಾವುಟ ತೋರಿಸುವ ಮಾರ್ಷಲ್‌ಗಳು, ವೈದ್ಯರು, ಆಂಬುಲೆನ್ಸ್, ವಿಮೆ, ಟಿಕೆಟ್, ಪಾರ್ಕಿಂಗ್, ಶೌಚಾಲಯ, ಅಕ್ಕಪಕ್ಕದ ಮನೆಯವರ ದೂರು, ಎಲ್ಲವೂ ಅವರ ತಲೆ ಮೇಲೆ. ಲಾಭ ಬಂದರೆ ಅವರದು, ನಷ್ಟವಾದರೂ ಅವರದೇ.

ಫಾರ್ಮುಲಾ ಒನ್‌ನಲ್ಲಿ ಈ ಲೆಕ್ಕ ಒಂದೇ ಕಡೆಗೆ ವಾಲಿದೆ. ರೇಸ್ ತರಿಸಿಕೊಳ್ಳಲು ಪ್ರೊಮೋಟರ್ ದೊಡ್ಡ ಶುಲ್ಕ ಕಟ್ಟಬೇಕು. ಟಿವಿ ಹಕ್ಕಿನ ದುಡ್ಡು ಫಾರ್ಮುಲಾ ಒನ್‌ಗೆ. ಟ್ರ್ಯಾಕ್ ಪಕ್ಕದ ದೊಡ್ಡ ಜಾಹೀರಾತುಗಳ ದುಡ್ಡೂ ಹೆಚ್ಚಾಗಿ ಅಲ್ಲಿಗೇ. ಪ್ರೊಮೋಟರ್‌ಗೆ ಮುಖ್ಯವಾಗಿ ಉಳಿಯುವುದು ಟಿಕೆಟ್ ದುಡ್ಡು. ಅಂದರೆ ಇಡೀ ವರ್ಷದ ಗಳಿಕೆ ಮೂರು ದಿನದ ಮೇಲೆ ನಿಂತಿರುತ್ತದೆ. ಸರ್ಕಾರ ಹಿಂದೆ ನಿಂತಿರುವ ದೇಶಗಳಿಗೆ ಇದು ತೊಂದರೆಯಲ್ಲ, ಅವರಿಗೆ ಪ್ರವಾಸೋದ್ಯಮ, ಹೆಸರು ಅಂತ ಬೇರೆ ಲೆಕ್ಕಗಳಿವೆ. ಝಾಂಡ್‌ವೋರ್ಟ್ ಸರ್ಕಾರದ ಆಸರೆಯಿಲ್ಲದೆ ಖಾಸಗಿ ದುಡ್ಡಿನಲ್ಲಿ ರೇಸ್ ನಡೆಸಿತು. ಒಂದು ವರ್ಷ ಟಿಕೆಟ್ ಮಾರಾಟ ಕುಸಿದರೆ ತುಂಬಿಕೊಡುವವರು ಯಾರೂ ಇಲ್ಲ. ಸ್ಟ್ಯಾಂಡ್ ತುಂಬಿರುವಾಗಲೇ ಬಿಡುವುದು ಮೇಲು ಅಂತ ಅವರು ನಿರ್ಧರಿಸಿದ್ದು ನನಗೆ ಸರಿಯಾಗಿಯೇ ಕಾಣುತ್ತದೆ.

ಬ್ರಿಟಿಷ್ ಗ್ರ್ಯಾನ್ ಪ್ರೀ ನಡೆಯುವ ಸಿಲ್ವರ್‌ಸ್ಟೋನ್ ಕೂಡ ಇದೇ ಸುಳಿಗೆ ಸಿಕ್ಕಿತ್ತು. ಆ ಟ್ರ್ಯಾಕ್ ಇರುವುದು ಬ್ರಿಟನ್ನಿನ ರೇಸ್ ಚಾಲಕರ ಕ್ಲಬ್‌ನ ಕೈಯಲ್ಲಿ, ಅಂದರೆ ಓಡಿಸಿ ಗೊತ್ತಿದ್ದವರದ್ದೇ ಸಂಸ್ಥೆ. ಒಪ್ಪಂದದ ಪ್ರಕಾರ ಶುಲ್ಕ ವರ್ಷವರ್ಷವೂ ಶೇಕಡ 5ರಷ್ಟು ಏರುತ್ತಿತ್ತು. 2015ರಲ್ಲಿ 28 ಲಕ್ಷ ಪೌಂಡ್ ನಷ್ಟ, 2016ರಲ್ಲಿ 48 ಲಕ್ಷ ಪೌಂಡ್ ನಷ್ಟ. ನೆನಪಿರಲಿ, ಆ ಹೊತ್ತಿಗೆ ಬ್ರಿಟನ್ನಿನವರೇ ಆದ ಲೂಯಿಸ್ ಹ್ಯಾಮಿಲ್ಟನ್ ಸಾಲಾಗಿ ಅಲ್ಲಿ ಗೆಲ್ಲುತ್ತಿದ್ದರು, ಜನ ಸಾಗರದಂತೆ ಬರುತ್ತಿದ್ದರು. ಕೊನೆಗೆ 2017ರಲ್ಲಿ ಕ್ಲಬ್ ಒಪ್ಪಂದ ಮುರಿಯುವ ಷರತ್ತನ್ನು ಬಳಸಿತು. ಆಮೇಲೆ 2019ರಲ್ಲಿ ಹೊಸ ಒಪ್ಪಂದ ಆಯಿತು, ಈಗ 2034ರವರೆಗೆ ರೇಸ್ ಖಾತ್ರಿಯಾಗಿದೆ. ಆದರೆ ಬಿಟ್ಟುಹೋಗುತ್ತೇವೆ ಅಂತ ಹೇಳುವ ಧೈರ್ಯ ಮಾಡಬೇಕಾಯಿತು.

ಇನ್ನು ಪಾಮರ್ ಅವರ ಕಥೆಗೆ ಬರೋಣ. ಅವರು ಓದಿದ್ದು ವೈದ್ಯಕೀಯ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ. ಡಾಕ್ಟರ್ ಆಗಿ ಕೆಲಸವನ್ನೂ ಮಾಡಿದರು, ವಾರಾಂತ್ಯದಲ್ಲಿ ರೇಸ್ ಓಡಿಸಿದರು. ಯಾವುದೋ ಒಂದನ್ನು ಆರಿಸಿಕೊಳ್ಳಲೇಬೇಕಾದ ಹೊತ್ತು ಬಂದಾಗ ಸ್ಟೆತಾಸ್ಕೋಪ್ ಬಿಟ್ಟು ಸ್ಟೀರಿಂಗ್ ಹಿಡಿದರು. 1981ರಲ್ಲಿ ಬ್ರಿಟಿಷ್ ಫಾರ್ಮುಲಾ ತ್ರೀ ಚಾಂಪಿಯನ್. 1983ರಲ್ಲಿ ರಾಲ್ಟ್ ಹೋಂಡಾ ಕಾರಿನಲ್ಲಿ ಯುರೋಪಿನ ಫಾರ್ಮುಲಾ ಟೂ ಚಾಂಪಿಯನ್. ಎರಡೂ ಫಾರ್ಮುಲಾ ಒನ್‌ಗೆ ಹತ್ತುವ ಮೆಟ್ಟಿಲುಗಳು. ಅದೇ ವರ್ಷ ಬ್ರಾಂಡ್ಸ್ ಹ್ಯಾಚ್‌ನಲ್ಲಿ ನಡೆದ ಯುರೋಪಿಯನ್ ಗ್ರ್ಯಾನ್ ಪ್ರೀಯಲ್ಲಿ ವಿಲಿಯಮ್ಸ್ ತಂಡದ ಕಾರು ಒಂದು ರೇಸ್‌ಗೆ ಸಿಕ್ಕಿತು. ಇಷ್ಟು ಓದಿದರೆ ಮುಂದೆ ದೊಡ್ಡ ತಂಡ ಕಾದಿದೆ ಅಂತಲೇ ಅನಿಸುತ್ತದೆ, ಅಲ್ವಾ?

ಸಿಕ್ಕಿದ್ದು ರಾಮ್ ಎಂಬ ಬಡ ತಂಡ. ಆಮೇಲೆ ಝಾಕ್‌ಸ್ಪೀಡ್‌ನಲ್ಲಿ ಎರಡು ವರ್ಷ, ಅಲ್ಲಿ ಒಂದು ಪಾಯಿಂಟ್ ಕೂಡ ಬರಲಿಲ್ಲ. 1987ರಲ್ಲಿ ಟಿರೆಲ್ ತಂಡ ಸೇರಿದರು. ಅದು ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಎಂಜಿನ್‌ಗಳ ಕಾಲ, ಟಿರೆಲ್ ಕಾರಿಗೆ ಟರ್ಬೊ ಇರಲಿಲ್ಲ. ಟರ್ಬೊ ಇಲ್ಲದವರಿಗಾಗಿಯೇ ಆ ವರ್ಷ ಜಿಮ್ ಕ್ಲಾರ್ಕ್ ಟ್ರೋಫಿ ಅಂತ ಬೇರೆ ಬಹುಮಾನ ಇಟ್ಟಿದ್ದರು, ಅದನ್ನು ಪಾಮರ್ ಗೆದ್ದರು. ಆ ವರ್ಷದ ಕೊನೆಯಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಾಲ್ಕನೇ ಸ್ಥಾನ. ಅದೇ ಅವರ ಅತ್ಯುತ್ತಮ ಫಲಿತಾಂಶ. ಒಟ್ಟು 83 ರೇಸ್, 14 ಪಾಯಿಂಟ್. 1989ರಲ್ಲಿ ಮಳೆ ಸುರಿಯುತ್ತಿದ್ದ ಕೆನಡಾದಲ್ಲಿ ರೇಸಿನ ಅತಿ ವೇಗದ ಸುತ್ತು ಅವರದಾಯಿತು. ಮಳೆಯಲ್ಲಿ ಎಂಜಿನ್ ಬಲ ಅಷ್ಟಾಗಿ ನಡೆಯುವುದಿಲ್ಲ, ಕೈಚಳಕ ನಡೆಯುತ್ತದೆ. ಆ ಒಂದು ಸುತ್ತು ಅವರ ಇಡೀ ಎಫ್1 (ಫಾರ್ಮುಲಾ ಒನ್) ಬದುಕಿನ ಬಗ್ಗೆ ಏನೋ ಹೇಳುತ್ತದೆ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಆಮೇಲೆ ಮೆಕ್‌ಲಾರೆನ್‌ಗೆ ಟೆಸ್ಟ್ ಚಾಲಕರಾದರು. 1993ರಲ್ಲಿ ಇಟಲಿಯ ನಾರ್ದೊ ಟ್ರ್ಯಾಕ್‌ನಲ್ಲಿ ಮೆಕ್‌ಲಾರೆನ್ ಎಫ್1 ಎಂಬ ಹೆಸರಿನ ರಸ್ತೆ ಕಾರಿನ ಮಾದರಿಯನ್ನು ಗಂಟೆಗೆ 231 ಮೈಲಿ, ಅಂದರೆ ಸುಮಾರು 372 ಕಿಲೋಮೀಟರ್ ವೇಗದಲ್ಲಿ ಓಡಿಸಿದ್ದು ಅವರೇ. ಅಲ್ಲಿಯವರೆಗೆ ಕಾಮೆಂಟರಿ ಹೇಳುತ್ತಿದ್ದ ಮಾಜಿ ಚಾಂಪಿಯನ್ ಜೇಮ್ಸ್ ಹಂಟ್ ತೀರಿಕೊಂಡ ಮೇಲೆ ಬಿಬಿಸಿಯಲ್ಲಿ ಮರ್ರೆ ವಾಕರ್ ಪಕ್ಕ ಕೂತು ಕಾಮೆಂಟರಿ ಹೇಳಿದರು. ಆದರೆ ಅವರ ಮನಸ್ಸು ಇದ್ದದ್ದು 1991ರಲ್ಲಿ ಶುರು ಮಾಡಿದ ಒಂದು ಕಂಪನಿಯ ಮೇಲೆ. ಹೆಸರು ಪಾಮರ್‌ಸ್ಪೋರ್ಟ್. ಕೆಲಸ ಸರಳ: ಕಂಪನಿಗಳು ತಮ್ಮ ಗಿರಾಕಿಗಳನ್ನೂ ನೌಕರರನ್ನೂ ಕರೆತರುತ್ತವೆ, ಅವರು ದಿನವಿಡೀ ರೇಸ್ ಕಾರು ಓಡಿಸುತ್ತಾರೆ. ಇದಕ್ಕಾಗಿಯೇ ಒಂದು ಹಳೆಯ ವಿಮಾನ ನೆಲೆಯನ್ನು ಬೆಡ್‌ಫರ್ಡ್ ಆಟೋಡ್ರೋಮ್ ಆಗಿ ಬದಲಾಯಿಸಿದರು. ಅಲ್ಲಿ ತಪ್ಪು ಮಾಡಿದರೆ ಗೋಡೆಗೆ ಗುದ್ದುವ ಭಯ ಕಡಿಮೆ, ಸುತ್ತ ಬಯಲೇ ಬಯಲು. ಹೊಸಬರಿಗೆ ಹೇಳಿ ಮಾಡಿಸಿದ ಜಾಗ.

ಅವರ ಮುಂದಿನ ಎಲ್ಲಾ ಕೆಲಸದ ಬೇರು ಇಲ್ಲೇ ಇದೆ. ರೇಸ್ ನೋಡಲು ಜನ ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತಾರೆ. ತಾವೇ ಓಡಿಸಲು ಬರುವವರು ವರ್ಷವಿಡೀ ಇರುತ್ತಾರೆ, ಮತ್ತು ಅದಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ.

1998ರಲ್ಲಿ ಅವರು ಫಾರ್ಮುಲಾ ಪಾಮರ್ ಆಡಿ ಎಂಬ ಸರಣಿ ಶುರು ಮಾಡಿದರು. ಎಲ್ಲರಿಗೂ ಒಂದೇ ತರಹದ ಕಾರು, ಒಂದೇ ಆಡಿ ಟರ್ಬೊ ಎಂಜಿನ್. ಬೇರೆ ಬೇರೆ ತಂಡಗಳೇ ಇಲ್ಲ, ಎಲ್ಲಾ ಕಾರುಗಳೂ ಒಂದೇ ಕಾರ್ಖಾನೆಯಲ್ಲಿ, ಒಂದೇ ಮೆಕ್ಯಾನಿಕ್ ಪಡೆಯ ಕೈಯಲ್ಲಿ ತಯಾರಾಗುತ್ತಿದ್ದವು. ಚಾಲಕ ಹೆಲ್ಮೆಟ್ ಹಿಡಿದು ಬಂದರೆ ಸಾಕು. ಯಾರ ಅಪ್ಪನೂ ಮಗನಿಗೆ ಒಳ್ಳೆಯ ಎಂಜಿನಿಯರನ್ನು ಕೊಂಡುಕೊಡುವಂತಿಲ್ಲ. ಝಾಕ್‌ಸ್ಪೀಡ್‌ನಲ್ಲಿ ಎರಡು ವರ್ಷ ಸೊನ್ನೆ ಎಣಿಸಿದ ಮನುಷ್ಯ ಇಂಥದ್ದನ್ನು ಕಟ್ಟಿದ್ದರಲ್ಲಿ ಅಚ್ಚರಿ ಏನಿದೆ?

ಮೊದಲ ವರ್ಷದ ಚಾಂಪಿಯನ್ ಜಸ್ಟಿನ್ ವಿಲ್ಸನ್. ಅವರಿಗೆ ಸಿಕ್ಕಿದ ಬಹುಮಾನ ಬರೀ ಕಪ್ ಆಗಿರಲಿಲ್ಲ, ಮುಂದಿನ ಮೆಟ್ಟಿಲಾದ ಫಾರ್ಮುಲಾ 3000ದಲ್ಲಿ ಒಂದು ಇಡೀ ವರ್ಷದ ಖರ್ಚು. 2001ರಲ್ಲಿ ವಿಲ್ಸನ್ ಆ ಸರಣಿಯನ್ನೂ ಗೆದ್ದರು. ವಿಲ್ಸನ್‌ಗೆ ಪಾಮರ್ ಅವರೇ ಮ್ಯಾನೇಜರ್ ಆಗಿದ್ದರು. ಆದರೂ ಎಫ್1 ಬಾಗಿಲು ದುಡ್ಡಿಲ್ಲದೆ ತೆರೆಯಲಿಲ್ಲ. ಮಿನಾರ್ಡಿ ತಂಡದ ಸೀಟಿಗೆ ದುಡ್ಡು ಬೇಕಾಗಿತ್ತು. ಆಗ ಒಂದು ಕಂಪನಿ ಮಾಡಿ, ವಿಲ್ಸನ್ ಮುಂದೆ ಗಳಿಸುವ ದುಡ್ಡಿನಲ್ಲಿ ಪಾಲು ಅಂತ ಷೇರುಗಳನ್ನು ಜನರಿಗೆ ಮಾರಿದರು. ನೂರಾರು ಅಭಿಮಾನಿಗಳು ಕೊಂಡರು. 2003ರಲ್ಲಿ ವಿಲ್ಸನ್ ಎಫ್1ನಲ್ಲಿ ಓಡಿದರು, ವರ್ಷದ ಮಧ್ಯದಲ್ಲೇ ಜಾಗ್ವಾರ್ ತಂಡಕ್ಕೆ ಹೋಗಿ ಅಮೆರಿಕದಲ್ಲಿ ಎಂಟನೆಯವರಾಗಿ ಒಂದು ಪಾಯಿಂಟ್ ಪಡೆದರು. ಅಲ್ಲಿಗೆ ಎಫ್1 ಮುಗಿಯಿತು. ಷೇರು ಕೊಂಡವರಿಗೆ ಲಾಭ ಬರಲಿಲ್ಲ. ಅಮೆರಿಕದ ಇಂಡಿಕಾರ್ ಸರಣಿಯಲ್ಲಿ ವಿಲ್ಸನ್ ದೊಡ್ಡ ಹೆಸರು ಮಾಡಿದರು, 2015ರಲ್ಲಿ ಪೊಕೊನೊ ಟ್ರ್ಯಾಕ್‌ನಲ್ಲಿ ಬೇರೆ ಕಾರಿನ ಮುರಿದ ಮೂತಿ ಬಡಿದು ತೀರಿಕೊಂಡರು. ಇವತ್ತು ಪ್ರತಿಭೆ ಮೇಲೆ ಬರಲು ಎಷ್ಟು ಖರ್ಚು ಅಂತ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಷೇರುಗಳು. ಎರಡು ಸರಣಿ ಗೆದ್ದವನಿಗೂ ಜನರ ಮುಂದೆ ಕೈಚಾಚಬೇಕಾಯಿತು.

ಈಗ ಟ್ರ್ಯಾಕ್‌ಗಳ ವಿಷಯ. ಇಲ್ಲಿನ ಲೆಕ್ಕ ಎಲ್ಲರೂ ಗಮನಿಸಬೇಕಾದದ್ದು. 1999ರಲ್ಲಿ ಆಕ್ಟಗನ್ ಎಂಬ ಕಂಪನಿ ಬ್ರಾಂಡ್ಸ್ ಹ್ಯಾಚ್ ಮತ್ತು ಇನ್ನೂ ಮೂರು ಟ್ರ್ಯಾಕ್‌ಗಳ ಗುಂಪನ್ನು ಕೊಂಡಿತು. ಬೆಲೆ 12 ಕೋಟಿ ಪೌಂಡ್. ಅಷ್ಟೊಂದು ಯಾಕೆ ಕೊಟ್ಟಿತು? ಆ ಗುಂಪಿನ ಕೈಯಲ್ಲಿ 2002ರಿಂದ ಬ್ರಿಟಿಷ್ ಗ್ರ್ಯಾನ್ ಪ್ರೀ ನಡೆಸುವ ಒಪ್ಪಂದ ಇತ್ತು. ಅಂದರೆ ಕೊಂಡಿದ್ದು ನೆಲವನ್ನಷ್ಟೇ ಅಲ್ಲ, ಎಫ್1 ಕನಸನ್ನು. ಕನಸು ಸುಟ್ಟುಹೋಯಿತು, ಆಕ್ಟಗನ್ ಭಾರೀ ನಷ್ಟ ಹೊತ್ತು ಈ ವ್ಯವಹಾರದಿಂದಲೇ ಹೊರಬಿದ್ದಿತು. 2004ರ ಆರಂಭದಲ್ಲಿ ಪಾಮರ್ ತಮ್ಮ ಪಾಲುದಾರರೊಂದಿಗೆ ಮೋಟರ್‌ಸ್ಪೋರ್ಟ್ ವಿಷನ್ ಎಂಬ ಕಂಪನಿ ಮಾಡಿ ಬ್ರಾಂಡ್ಸ್ ಹ್ಯಾಚ್, ಔಲ್ಟನ್ ಪಾರ್ಕ್, ಸ್ನೆಟರ್‌ಟನ್, ಕ್ಯಾಡ್‌ವೆಲ್ ಪಾರ್ಕ್, ಈ ನಾಲ್ಕನ್ನೂ ಒಟ್ಟಿಗೆ ಕೊಂಡರು. ಬೆಲೆ 1 ಕೋಟಿ 55 ಲಕ್ಷ ಪೌಂಡ್. ಟ್ರ್ಯಾಕ್‌ಗಳು ಅವೇ, ತಿರುವುಗಳು ಅವೇ. ಎಫ್1 ಆಸೆ ಕಳೆದ ಮೇಲೆ ಉಳಿದ ನಿಜವಾದ ಬೆಲೆ ಅದು.

ಕೊಂಡ ಮೇಲೆ ಏನು ಮಾಡಿದರು? ಶೌಚಾಲಯ ಸರಿ ಮಾಡಿಸಿದರು, ಬಣ್ಣ ಬಳಿಸಿದರು, ಡಾಂಬರು ಹಾಕಿಸಿದರು, ಹುಲ್ಲು ಕತ್ತರಿಸಿದರು. ಕೇಳಲು ಸಣ್ಣ ವಿಷಯ ಅನಿಸಬಹುದು. ಮಕ್ಕಳನ್ನು ಕರೆದುಕೊಂಡು ದಿನವಿಡೀ ಟ್ರ್ಯಾಕ್ ಪಕ್ಕ ಕೂತವರಿಗೆ ಗೊತ್ತು ಅದು ಸಣ್ಣದಲ್ಲ ಅಂತ. 2011ರಲ್ಲಿ ಸ್ನೆಟರ್‌ಟನ್‌ಗೆ ಹೊಸ ಉದ್ದದ ಸುತ್ತು ಸೇರಿಸಿದರು. ವಾರದ ದಿನಗಳಲ್ಲಿ ಟ್ರ್ಯಾಕ್ ಡೇ, ಅಂದರೆ ಜನ ತಮ್ಮದೇ ಕಾರು ಬೈಕು ತಂದು ದುಡ್ಡು ಕೊಟ್ಟು ಓಡಿಸುವುದು. ಉಡುಗೊರೆ ಚೀಟಿ ಹಿಡಿದು ಮೊದಲ ಸಲ ರೇಸ್ ಕಾರಿನಲ್ಲಿ ಕೂರುವವರು, ತಂಡಗಳ ಪರೀಕ್ಷೆ, ಕಂಪನಿಗಳ ಕಾರ್ಯಕ್ರಮ. ವಾರಾಂತ್ಯದಲ್ಲಿ ಸಣ್ಣ ಸಣ್ಣ ಕ್ಲಬ್‌ಗಳ ರೇಸ್. ದೊಡ್ಡ ಜನ ಸೇರುವುದು ಬ್ರಿಟಿಷ್ ಟೂರಿಂಗ್ ಕಾರು ರೇಸ್‌ಗೆ ಮತ್ತು ಬ್ರಿಟಿಷ್ ಸೂಪರ್‌ಬೈಕ್‌ಗೆ. ಈ ಎರಡನೆಯದನ್ನು ನಡೆಸುವುದೂ ಇದೇ ಕಂಪನಿ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ನ ಸೈಕಲ್ ಸ್ಪರ್ಧೆಗಳು ಬ್ರಾಂಡ್ಸ್ ಹ್ಯಾಚ್‌ನಲ್ಲೇ ನಡೆದವು. ರೇಸ್ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡ ಅಲೆಕ್ಸ್ ಝನಾರ್ಡಿ ಅಲ್ಲಿ ಕೈಯಿಂದ ತುಳಿಯುವ ಸೈಕಲ್‌ನಲ್ಲಿ ಎರಡು ಚಿನ್ನ ಗೆದ್ದರು. ಒಂದು ರೇಸ್ ಟ್ರ್ಯಾಕ್‌ಗೆ ಇದಕ್ಕಿಂತ ಒಳ್ಳೆಯ ದಿನ ಬಂದಿರಲಾರದು.

ಶಬ್ದ ಇಲ್ಲಿನ ದೊಡ್ಡ ಮಿತಿ. ಬ್ರಾಂಡ್ಸ್ ಹ್ಯಾಚ್‌ನ ಪೂರ್ತಿ ಸುತ್ತು ಸುಮಾರು 3.9 ಕಿಲೋಮೀಟರ್. ಅದು ಕಾಡಿನೊಳಗೆ, ಮನೆಗಳ ಹತ್ತಿರಕ್ಕೆ ಹೋಗುವುದರಿಂದ ವರ್ಷದಲ್ಲಿ ಕೆಲವೇ ದಿನ ಬಳಸಲು ಅವಕಾಶ. ಉಳಿದ ದಿನ ಸುಮಾರು 1.9 ಕಿಲೋಮೀಟರಿನ ಚಿಕ್ಕ ಸುತ್ತೇ ಗತಿ. ಟ್ರ್ಯಾಕ್ ಇರುವ ಪ್ರತಿ ಊರಲ್ಲೂ ಈ ಜಗಳ ಇದ್ದೇ ಇದೆ. ಶಬ್ದದ ದಿನಗಳನ್ನು ಲೆಕ್ಕ ಹಾಕಿ ಹಂಚುವುದೇ ಪ್ರೊಮೋಟರ್‌ನ ಅರ್ಧ ಕೆಲಸ.

ಡಾನಿಂಗ್ಟನ್ ಪಾರ್ಕ್ ಕಥೆ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. 2008ರಲ್ಲಿ ಅಲ್ಲಿನ ಆಗಿನ ಗುತ್ತಿಗೆದಾರ ಕಂಪನಿ 2010ರಿಂದ 17 ವರ್ಷ ಬ್ರಿಟಿಷ್ ಗ್ರ್ಯಾನ್ ಪ್ರೀ ನಡೆಸುವ ಒಪ್ಪಂದ ಮಾಡಿಕೊಂಡಿತು. ಟ್ರ್ಯಾಕ್ ಅಗೆದರು. 13.5 ಕೋಟಿ ಪೌಂಡ್ ಬಾಂಡ್ ಎತ್ತಲು ಹೊರಟರು, ಯಾರೂ ಕೊಡಲಿಲ್ಲ. 2009ರ ಕೊನೆಗೆ ಕಂಪನಿ ಮುಳುಗಿತು. ಎಫ್1 ಬರಲಿಲ್ಲ, ಇದ್ದ ಕ್ಲಬ್ ರೇಸ್‌ಗಳಿಗೂ ಟ್ರ್ಯಾಕ್ ಇಲ್ಲದಾಯಿತು. ಆ ಟ್ರ್ಯಾಕನ್ನು ಹಾಳುಬಿದ್ದ ಸ್ಥಿತಿಯಿಂದ ಎತ್ತಿ 1977ರಲ್ಲಿ ಮತ್ತೆ ರೇಸ್ ಶುರು ಮಾಡಿಸಿದ್ದ ಟಾಮ್ ವೀಟ್‌ಕ್ರಾಫ್ಟ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಅಗೆದುಹಾಕಿದ ನೆಲವನ್ನು ನೋಡಿಯೇ ಹೋದರು. ಅವರ ಮಗ ಮತ್ತೆ ಸರಿ ಮಾಡಿಸಿದರು. 2017ರಲ್ಲಿ ಅದನ್ನು ಗುತ್ತಿಗೆಗೆ ಪಡೆದದ್ದು ಪಾಮರ್ ಕಂಪನಿ. ಈಗ ಅಲ್ಲಿ ಮತ್ತೆ ವರ್ಷವಿಡೀ ಕಾರು, ಬೈಕು ಓಡುತ್ತಿವೆ.

ಹಾಗಂತ ಪಾಮರ್ ಮಾಡಿದ್ದೆಲ್ಲ ಗೆದ್ದಿಲ್ಲ. 2008ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಎಫ್ಐಎ ಫಾರ್ಮುಲಾ ಟೂ ಹೆಸರನ್ನು ಮತ್ತೆ ಎಬ್ಬಿಸಿ, ನಡೆಸುವ ಹೊಣೆಯನ್ನು ಅವರಿಗೆ ಕೊಟ್ಟಿತು. ಕಾರು ಮಾಡಿದ್ದು ವಿಲಿಯಮ್ಸ್. ಇಡೀ ವರ್ಷಕ್ಕೆ ಚಾಲಕ ಕೊಡಬೇಕಾದದ್ದು 1,95,000 ಪೌಂಡ್. ಅದರ ಪಕ್ಕದ ಜಿಪಿ2 ಸರಣಿಗೆ ಇದರ ಎಷ್ಟೋ ಪಟ್ಟು ಬೇಕಾಗಿತ್ತು. ನ್ಯಾಯವಾದ ಬೆಲೆ, ಸಮಾನ ಕಾರು. ಆದರೂ 2012ಕ್ಕೆ ನಿಂತುಹೋಯಿತು. ಕಾರಣ ಕಠಿಣವಾದದ್ದು. ಜಿಪಿ2 ಓಡುತ್ತಿದ್ದದ್ದು ಎಫ್1 ವಾರಾಂತ್ಯದಲ್ಲಿ, ಎಫ್1 ತಂಡಗಳ ಮುಖ್ಯಸ್ಥರ ಕಣ್ಣೆದುರಿಗೆ. ದುಡ್ಡು ಇದ್ದವರು ಅಲ್ಲಿಗೇ ಹೋದರು. ಇಲ್ಲದವರಿಗೆ 1,95,000 ಪೌಂಡ್ ಕೂಡ ಬೆಟ್ಟದಷ್ಟೇ. ಮಧ್ಯದಲ್ಲಿ ನಿಲ್ಲಲು ಜಾಗ ಇರಲಿಲ್ಲ. 2017ರಿಂದ ಜಿಪಿ2 ಸರಣಿಯೇ ಫಾರ್ಮುಲಾ ಟೂ ಹೆಸರು ಹೊತ್ತು ಓಡುತ್ತಿದೆ.

ಪಾಮರ್ ನಡೆಸಿದ ಆ ಫಾರ್ಮುಲಾ ಟೂ ಸರಣಿಯ ಮೊದಲ ವರ್ಷದಲ್ಲಿ, 2009ರ ಜುಲೈ 19ರಂದು, ಬ್ರಾಂಡ್ಸ್ ಹ್ಯಾಚ್‌ನಲ್ಲಿ ಬೇರೊಂದು ಕಾರಿನ ಕಳಚಿದ ಚಕ್ರ ಹೆನ್ರಿ ಸರ್ಟೀಸ್ ತಲೆಗೆ ಬಡಿಯಿತು. ಹದಿನೆಂಟು ವರ್ಷದ ಹುಡುಗ. ತಂದೆ ಜಾನ್ ಸರ್ಟೀಸ್, ಬೈಕ್‌ನಲ್ಲೂ ಕಾರಿನಲ್ಲೂ ವಿಶ್ವ ಚಾಂಪಿಯನ್ ಆದ ಒಬ್ಬರೇ ಒಬ್ಬರು. ಸರಣಿ ಪಾಮರ್ ಅವರದು, ಟ್ರ್ಯಾಕ್ ಕೂಡ ಅವರದು. ಆ ದಿನಗಳಲ್ಲಿ ಅವರ ಮಗ ಜೋಲಿಯನ್ ಅವರದೇ ಸರಣಿಗಳಲ್ಲಿ ರೇಸ್ ಓಡಿಸುವ ವಯಸ್ಸಿನವನಾಗಿದ್ದ. ಪ್ರೊಮೋಟರ್ ಅಂದರೆ ಟಿಕೆಟ್ ಮಾರುವವನು ಅಂತ ಅಂದುಕೊಳ್ಳುವವರು ಈ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಲೆಯ ಸುತ್ತ ಕವಚವಾಗುವ ಹೇಲೋ ಎಫ್1 ಕಾರುಗಳಿಗೆ ಕಡ್ಡಾಯವಾದದ್ದು 2018ರಲ್ಲಿ. ಹೆನ್ರಿಗೆ ಅದು ಒಂಬತ್ತು ವರ್ಷ ತಡ.

ಬೇರೆ ಚಾಲಕರು ರೇಸ್ ನಡೆಸಲು ಬಂದಾಗ ಏನಾಯಿತು? ಹತ್ತು ಎಫ್1 ರೇಸ್ ಗೆದ್ದ ಗೆರ್ಹಾರ್ಡ್ ಬರ್ಗರ್ 2017ರಲ್ಲಿ ಜರ್ಮನಿಯ ಡಿಟಿಎಂ ಎಂಬ ಕಾರು ರೇಸ್ ಸರಣಿಯ ಮುಖ್ಯಸ್ಥರಾದರು. ಅದು ನಿಂತಿದ್ದು ಕಾರು ಕಂಪನಿಗಳ ದುಡ್ಡಿನ ಮೇಲೆ. 2018ರ ಕೊನೆಗೆ ಮರ್ಸಿಡಿಸ್ ಹೋಯಿತು, 2020ರಲ್ಲಿ ಆಡಿ ಕೂಡ ಹೊರಡುವುದಾಗಿ ಹೇಳಿತು. ಬರ್ಗರ್ ಸರಣಿಯನ್ನು ಜಿಟಿ3, ಅಂದರೆ ಖಾಸಗಿ ತಂಡಗಳು ಕೊಂಡು ಓಡಿಸಬಹುದಾದ ರೇಸ್ ಕಾರುಗಳಿಗೆ ತಿರುಗಿಸಿ ಉಳಿಸಿದರು, ಆದರೂ 2022ರ ಕೊನೆಗೆ ಅದು ಜರ್ಮನಿಯ ವಾಹನ ಸಂಘ ಎಡಿಎಸಿ ಕೈಗೆ ಹೋಯಿತು. ಅಮೆರಿಕದಲ್ಲಿ ಟೋನಿ ಸ್ಟೀವರ್ಟ್ 2004ರಲ್ಲಿ ಎಲ್ಡೋರಾ ಎಂಬ ಮಣ್ಣಿನ ಟ್ರ್ಯಾಕ್ ಕೊಂಡರು, ಊರಿನ ಜನರೇ ತುಂಬುವ ಟ್ರ್ಯಾಕ್ ಅದು, ಇವತ್ತಿಗೂ ನಡೆಯುತ್ತಿದೆ. ಬರ್ಗರ್ ಸೋತರು ಅಂತ ನಾನು ಹೇಳುವುದಿಲ್ಲ. ನಾಲ್ಕೈದು ದೊಡ್ಡ ಕಂಪನಿಗಳನ್ನು ನಂಬಿದ ರೇಸ್‌ಗೆ ಒಂದೇ ಸಭೆಯ ತೀರ್ಮಾನ ಸಾಕು ಮುಳುಗಲು. ಸಾವಿರಾರು ಸಣ್ಣ ಗಿರಾಕಿಗಳು ಒಂದೇ ದಿನ ಬಿಟ್ಟುಹೋಗುವುದಿಲ್ಲ.

ಚಾಲಕರ ಏಣಿಯ ಕೆಳ ಮೆಟ್ಟಿಲನ್ನು ಪಾಮರ್ ಕೈಬಿಡಲಿಲ್ಲ. 2013ರಲ್ಲಿ, ಸಿಲ್ವರ್‌ಸ್ಟೋನ್ ಹೊಂದಿರುವ ಚಾಲಕರ ಕ್ಲಬ್ಬಾದ ಬಿಆರ್‌ಡಿಸಿ ಹೆಸರಿನಲ್ಲಿ ಶುರು ಮಾಡಿದ ಫಾರ್ಮುಲಾ ಫೋರ್ ಸರಣಿಯನ್ನು 2014ರಲ್ಲಿ ಗೆದ್ದವರು ಮುಂದೆ ಎಫ್1 ಚಾಲಕರಾದ ಜಾರ್ಜ್ ರಸಲ್. ಅದೇ ಸರಣಿ ಬೆಳೆದು ಈಗ ಜಿಬಿ3 ಆಗಿದೆ, ಅದರ ಕೆಳಗೆ 2022ರಿಂದ ಜಿಬಿ4 ಇದೆ. ಇವುಗಳಲ್ಲಿ ಹಳೆಯ ಪದ್ಧತಿ ಇಲ್ಲ, ಬೇರೆ ಬೇರೆ ತಂಡಗಳಿವೆ, ಹಾಗಾಗಿ ಖರ್ಚೂ ಜಾಸ್ತಿ. ಎಲ್ಲರಿಗೂ ಒಂದೇ ಮೆಕ್ಯಾನಿಕ್ ಪಡೆ ಎಂಬ ಆ ಯೋಚನೆಯನ್ನು ಬಿಟ್ಟುಕೊಟ್ಟದ್ದು ನನಗೆ ಬೇಸರ ತಂದಿದೆ. ಮೇಲಿನ ಮೆಟ್ಟಿಲುಗಳೆಲ್ಲ ತಂಡಗಳ ಮೇಲೆ ನಿಂತಿರುವಾಗ ಬೇರೆ ದಾರಿ ಇರಲಿಲ್ಲವೇನೋ, ಆದರೂ.

ಇನ್ನೊಂದು ಚಿಂತೆ ಇದೆ, ಇದನ್ನು ಮುಚ್ಚಿಡಬಾರದು. ಬ್ರಾಂಡ್ಸ್ ಹ್ಯಾಚ್, ಔಲ್ಟನ್, ಸ್ನೆಟರ್‌ಟನ್, ಕ್ಯಾಡ್‌ವೆಲ್, ಡಾನಿಂಗ್ಟನ್, ಬೆಡ್‌ಫರ್ಡ್ ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿ. ಸಣ್ಣ ಕ್ಲಬ್ ಒಂದಕ್ಕೆ ಬಾಡಿಗೆ ಜಾಸ್ತಿ ಅನಿಸಿದರೆ ಹೋಗಲು ಬೇರೆ ಜಾಗಗಳು ಕಡಿಮೆ. 2001ರಲ್ಲಿ ತೆರೆದ ರಾಕಿಂಗ್‌ಹ್ಯಾಮ್ ಟ್ರ್ಯಾಕ್ 2018ರಲ್ಲಿ ಮುಚ್ಚಿ ಕಾರು ನಿಲ್ಲಿಸುವ ಜಾಗವಾಯಿತು. ಅದನ್ನು ನೋಡಿದ ಮೇಲೆ, ಒಬ್ಬರೇ ಮಾಲೀಕರಾದರೂ ಸರಿ ಟ್ರ್ಯಾಕ್ ತೆರೆದಿರಲಿ ಅಂತ ನಾನು ಹೇಳುತ್ತೇನೆ. ಆದರೆ ಆ ಮಾಲೀಕರಿಗೆ 2026ರ ನವೆಂಬರ್‌ಗೆ ಎಪ್ಪತ್ತು ತುಂಬುತ್ತದೆ. ಮಗ ಜೋಲಿಯನ್ 2014ರ ಜಿಪಿ2 ಚಾಂಪಿಯನ್, ರೆನೋ ತಂಡದಲ್ಲಿ ಎಫ್1 ಓಡಿಸಿ ಈಗ ಕಾಮೆಂಟರಿಯಲ್ಲಿದ್ದಾರೆ. ಇನ್ನೊಬ್ಬ ಮಗ ವಿಲ್ ಕೂಡ ರೇಸ್ ಗೆದ್ದವರು. 1999ರಿಂದ 2004ರೊಳಗೆ ಬ್ರಾಂಡ್ಸ್ ಹ್ಯಾಚ್ ಎರಡು ಸಲ ಕೈ ಬದಲಾಯಿಸಿತ್ತು. ಮೊದಲ ಸಲ ಕೊಂಡವರು ಗ್ರ್ಯಾನ್ ಪ್ರೀ ಲೆಕ್ಕ ಹಾಕಿದ್ದರು, ಎರಡನೇ ಸಲ ಕೊಂಡವರು ಟ್ರ್ಯಾಕ್ ಡೇ ಲೆಕ್ಕ ಹಾಕಿದರು. ಮೂರನೇ ಸಲ ಅದು ಮಾರಾಟಕ್ಕೆ ಬಂದರೆ ಕೊಳ್ಳುವವರು ಯಾವ ಲೆಕ್ಕ ಹಿಡಿದು ಬರುತ್ತಾರೆ ಅನ್ನುವುದರ ಮೇಲೆ ಬ್ರಿಟನ್ನಿನ ನೂರಾರು ಸಣ್ಣ ರೇಸ್‌ಗಳು ನಿಂತಿವೆ.